ಮನೆ ಕೊಳ್ಳುವ ಮುನ್ನ ಕಟ್ಟಡದ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಈಗಾಗಲೇ ಕಟ್ಟಿರುವ ಸ್ವತಂತ್ರ ಮನೆಯನ್ನೋ ಮರುಮಾರಾಟಕ್ಕೆ ಬಂದ ಫ್ಲ್ಯಾಟನ್ನೋ ಕೊಳ್ಳಲು ಹೊರಟವರು ಸ್ಟ್ರಕ್ಚರಲ್ ಎಂಜಿನಿಯರ್ ಆಗಿರುವ ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳು ಇವು. ಜೀವಮಾನದ ಉಳಿತಾಯವನ್ನೆಲ್ಲ ಒಂದು ಕಟ್ಟಡಕ್ಕೆ ಸುರಿಯುವವರು ಆ ಕಟ್ಟಡದ ಕಂಬ, ತೊಲೆ, ತಳಪಾಯಗಳ ಬಗ್ಗೆ ಏನೂ ತಿಳಿಯದೆ ನೋಂದಣಿ ಕಚೇರಿಗೆ ಹೋಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ಉತ್ತರಗಳನ್ನು ಸಾಧ್ಯವಾದಷ್ಟು ವಿವರವಾಗಿಯೇ ಬರೆದಿದ್ದೇನೆ.

ಸರ್ವೆ ಎಂದರೆ ಜಾಗ ಅಳೆಯುವುದಲ್ಲವೇ? ಕಟ್ಟಡಕ್ಕೆ ಎಂಥ ಸರ್ವೆ?

ನಮ್ಮಲ್ಲಿ ಸರ್ವೆ ಎಂದೊಡನೆ ನೆನಪಾಗುವುದು ಸರ್ವೆ ನಂಬರು, ಹದ್ದುಬಸ್ತು, ಚೆಕ್ಕುಬಂದಿ. ಅದು ನೆಲದ ಅಳತೆ. ಇಲ್ಲಿ ಹೇಳುತ್ತಿರುವುದು ನೆಲದ ಮೇಲೆ ನಿಂತಿರುವ ಕಟ್ಟಡದ ಆರೋಗ್ಯ ತಪಾಸಣೆ. ತಳಪಾಯ ಕುಸಿದಿದೆಯೇ, ಕಂಬ ಮತ್ತು ಬೀಮುಗಳು ತಮ್ಮ ಮೇಲಿರುವ ಭಾರವನ್ನು ಹೊರಬಲ್ಲವೇ, ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿದಿದೆಯೇ, ನೀರು ಎಲ್ಲಿಂದ ಇಳಿಯುತ್ತಿದೆ, ಇವನ್ನೆಲ್ಲ ಅರ್ಹ ಎಂಜಿನಿಯರ್ ಒಬ್ಬರು ನೋಡಿ, ಬೇಕಾದಲ್ಲಿ ಉಪಕರಣಗಳಿಂದ ಪರೀಕ್ಷಿಸಿ, ಲಿಖಿತ ವರದಿ ಕೊಡುತ್ತಾರೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಹೊಸದಲ್ಲ. ಅಲ್ಲಿ ಹಳೆಯ ಮನೆ ಕೊಳ್ಳುವವರು ಮೂರನೆಯ ಹಂತದ ಸರ್ವೆ ಎಂದು ಕರೆಯುವ ವಿವರವಾದ ತಪಾಸಣೆಯನ್ನು ಮಾಡಿಸುವುದು ರೂಢಿಯಲ್ಲಿದೆ. ನಮ್ಮಲ್ಲಿ ಇದನ್ನು ಸಾಮಾನ್ಯವಾಗಿ ಸ್ಟ್ರಕ್ಚರಲ್ ಆಡಿಟ್ ಎನ್ನುತ್ತಾರೆ.

ವಕೀಲರು ಕಾಗದಪತ್ರ ನೋಡಿದ್ದಾರೆ, ಬ್ಯಾಂಕಿನವರು ಬಂದು ಮನೆ ನೋಡಿ ಸಾಲವನ್ನೂ ಒಪ್ಪಿದ್ದಾರೆ. ಇನ್ನೇಕೆ ಬೇಕು?

ಮೂಲಪತ್ರ, ಖಾತೆ, ಋಣಭಾರ ಪ್ರಮಾಣಪತ್ರ, ಮಂಜೂರಾದ ನಕ್ಷೆ ಇವುಗಳಿಂದ ಆಸ್ತಿ ಯಾರದ್ದು, ಅದರ ಮೇಲೆ ಸಾಲವಿದೆಯೇ ಎಂಬುದು ತಿಳಿಯುತ್ತದೆ. ಬ್ಯಾಂಕಿನ ವ್ಯಾಲ್ಯುಯರ್ ಬರುವುದು ಸಾಲ ತೀರದಿದ್ದರೆ ಆಸ್ತಿಯನ್ನು ಮಾರಿ ಹಣ ವಸೂಲು ಮಾಡಲು ಸಾಧ್ಯವೇ ಎಂದು ಅಂದಾಜಿಸುವುದಕ್ಕೆ. ಬೆಂಗಳೂರಿನಂಥ ಊರಿನಲ್ಲಿ ಆ ಬೆಲೆಯ ಬಹುಪಾಲು ನಿವೇಶನದ್ದೇ ಆಗಿರುವುದರಿಂದ, ಕಟ್ಟಡ ದುರ್ಬಲವಾಗಿದ್ದರೂ ಸಾಲ ಸಿಗಬಹುದು. ಅವರು ಅರ್ಧ ಗಂಟೆಯಲ್ಲಿ ಅಳತೆ ಮಾಡಿ ಫೋಟೊ ತೆಗೆದುಕೊಂಡು ಹೋದದ್ದನ್ನು ಕಟ್ಟಡದ ತಪಾಸಣೆ ಎಂದು ತಿಳಿಯಬಾರದು.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. 1882ರ ಆಸ್ತಿ ವರ್ಗಾವಣೆ ಅಧಿನಿಯಮದ 55ನೆಯ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾರುವವರು ತಮಗೆ ಗೊತ್ತಿರುವ ಮತ್ತು ಕೊಳ್ಳುವವರು ಸಾಧಾರಣ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮಹತ್ವದ ದೋಷಗಳನ್ನು ಹೇಳಲೇಬೇಕು. ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಸಾಧಾರಣ ಎಚ್ಚರಿಕೆಯಿಂದ ಕಾಣುವಂತಿದ್ದ ದೋಷವನ್ನು ನೀವು ನೋಡದೆ ಬಿಟ್ಟಿದ್ದರೆ ಆ ಹೊರೆ ನಿಮ್ಮದೇ ಆಗುತ್ತದೆ. ಮಾರಿದವರಿಗೆ ಆ ದೋಷ ಗೊತ್ತಿತ್ತು ಎಂದು ಆಮೇಲೆ ಸಾಬೀತುಪಡಿಸುವುದೂ ಸುಲಭವಲ್ಲ.

ಹೊಸ ಫ್ಲ್ಯಾಟಾದರೆ ರೇರಾ ಇದೆಯಲ್ಲ?

ಇದೆ, ಮತ್ತು ಅದು ಒಳ್ಳೆಯ ರಕ್ಷಣೆಯೇ. ರೇರಾ ಎಂದರೆ ಕಟ್ಟಡ ನಿರ್ಮಾಣಗಾರರನ್ನು ನಿಯಂತ್ರಿಸುವ 2016ರ ರಿಯಲ್ ಎಸ್ಟೇಟ್ ಅಧಿನಿಯಮ. ಅದರ 14(3)ನೆಯ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ಕಂಡುಬಂದ ದೋಷವನ್ನು ತಿಳಿಸಿದರೆ, ನಿರ್ಮಾಣಗಾರರು ಹೆಚ್ಚುವರಿ ಹಣ ಕೇಳದೆ 30 ದಿನಗಳಲ್ಲಿ ಸರಿಪಡಿಸಿಕೊಡಬೇಕು. ಆದರೆ ಎರಡು ಮಿತಿಗಳನ್ನು ಗಮನಿಸಬೇಕು. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಮನೆಗಳ ಸಂಖ್ಯೆ 8 ಮೀರದಿದ್ದರೆ ಆ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. 40x60 ಅಡಿಯ ನಿವೇಶನವೆಂದರೆ ಸುಮಾರು 223 ಚದರ ಮೀಟರ್ ಮಾತ್ರ. ಬಡಾವಣೆಗಳ ಒಳರಸ್ತೆಗಳಲ್ಲಿ ಏಳುತ್ತಿರುವ ನಾಲ್ಕಾರು ಮನೆಗಳ ಸಣ್ಣ ಕಟ್ಟಡಗಳೆಲ್ಲ ಹೀಗೆ ಹೊರಗುಳಿಯುತ್ತವೆ. ಎರಡನೆಯದಾಗಿ, ಏಳೆಂಟು ವರ್ಷ ಹಳೆಯ ಫ್ಲ್ಯಾಟನ್ನು ಕೊಳ್ಳುವವರಿಗೆ 5 ವರ್ಷದ ಅವಧಿ ಮುಗಿದುಹೋಗಿರುತ್ತದೆ. ನಾಲ್ಕನೆಯ ವರ್ಷದಲ್ಲಿರುವ ಫ್ಲ್ಯಾಟನ್ನು ಕೊಳ್ಳುತ್ತಿದ್ದರೆ ತಪಾಸಣೆ ಇನ್ನೂ ಹೆಚ್ಚು ಬೆಲೆಬಾಳುತ್ತದೆ, ಏಕೆಂದರೆ ದೋಷ ಸಿಕ್ಕರೆ ಲಿಖಿತವಾಗಿ ತಿಳಿಸಲು ಇನ್ನೂ ಕಾಲವಿರುತ್ತದೆ.

ಫ್ಲ್ಯಾಟಿನ ತಪಾಸಣೆಯಲ್ಲಿ ನಿಮ್ಮ ನಾಲ್ಕು ಗೋಡೆಗಳನ್ನಷ್ಟೇ ನೋಡಿ ಪ್ರಯೋಜನವಿಲ್ಲ. ಬೇಸ್‌ಮೆಂಟಿನ ಕಂಬಗಳ ಬುಡ, ನೆಲದಡಿಯ ಸಂಪು, ಲಿಫ್ಟಿನ ಗುಂಡಿ, ತಾರಸಿ, ಹೊರಗೋಡೆಯ ಪೈಪುಗಳು, ಇವೆಲ್ಲ ಎಲ್ಲರಿಗೂ ಸೇರಿದವು. ಅವುಗಳ ದುರಸ್ತಿಗೆ ನಾಳೆ ನೀವೂ ಪಾಲು ಕೊಡಬೇಕು. ಆದ್ದರಿಂದ ನಿವಾಸಿಗಳ ಸಂಘದ ಅನುಮತಿ ಪಡೆದು ಅವನ್ನೂ ತೋರಿಸಿ, ಜೊತೆಗೆ ಹಿಂದಿನ ಎರಡು ಮೂರು ವರ್ಷಗಳ ಸಂಘದ ಸಭೆಯ ನಡಾವಳಿಯನ್ನು ಓದಿ. ಸೋರಿಕೆಯ ಜಗಳಗಳೆಲ್ಲ ಅದರಲ್ಲಿ ಸಿಗುತ್ತವೆ.

ತಪಾಸಣೆಯನ್ನು ಯಾವ ಹಂತದಲ್ಲಿ ಮಾಡಿಸಬೇಕು?

ಬೆಲೆಯ ಬಗ್ಗೆ ಮಾತು ಒಂದು ಮಟ್ಟಕ್ಕೆ ಬಂದ ಮೇಲೆ, ಆದರೆ ಅಗ್ರಿಮೆಂಟಿಗೆ ಸಹಿ ಹಾಕಿ ದೊಡ್ಡ ಮುಂಗಡ ಕೊಡುವ ಮೊದಲು. ಬೇರೆ ಗಿರಾಕಿಗಳಿದ್ದಾರೆ, ಇಂದೇ ಟೋಕನ್ ಕೊಡಿ ಎಂದು ಬ್ರೋಕರ್ ಅವಸರಪಡಿಸಿದರೆ, ಸಣ್ಣ ಮೊತ್ತವನ್ನಷ್ಟೇ ಕೊಟ್ಟು, ಎಂಜಿನಿಯರ್ ವರದಿಯಲ್ಲಿ ಗಂಭೀರ ದೋಷ ಕಂಡುಬಂದರೆ ಮುಂಗಡ ಪೂರ್ತಿ ವಾಪಸು ಎಂಬ ಷರತ್ತನ್ನು ರಸೀತಿಯಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆ ಸಾಲದು.

ನಮಗೆ ಗೊತ್ತಿರುವ ಒಳ್ಳೆಯ ಮೇಸ್ತ್ರಿ ಇದ್ದಾರೆ. ಅವರಿಗೇ ತೋರಿಸಿದರೆ ಸಾಲದೇ?

ಅನುಭವಿ ಮೇಸ್ತ್ರಿಯ ಕಣ್ಣಿಗೆ ನಾನು ನಿಜವಾದ ಗೌರವ ಕೊಡುತ್ತೇನೆ. ಗಿಲಾವು ಟೊಳ್ಳಾಗಿರುವುದನ್ನು ಒಂದು ಏಟಿನ ಸದ್ದಿನಲ್ಲಿ ಅವರು ಹೇಳಬಲ್ಲರು. ಆದರೆ ಒಂದು ಕಂಬ ಎಷ್ಟು ಟನ್ ಹೊತ್ತಿದೆ, ಎಷ್ಟು ಹೊರಬಲ್ಲದು ಎಂಬುದು ಲೆಕ್ಕದಿಂದ ಮಾತ್ರ ತಿಳಿಯುವ ಸಂಗತಿ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ವಿಶೇಷ ವ್ಯಾಸಂಗ ಮಾಡಿದ, ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡ, ಹಳೆಯ ಕಟ್ಟಡಗಳನ್ನು ನೋಡಿ ಅಭ್ಯಾಸವಿರುವ ಎಂಜಿನಿಯರ್ ಬೇಕು. ಮಾರುವವರೋ ಬ್ರೋಕರೋ ಸೂಚಿಸಿದವರನ್ನು ತೆಗೆದುಕೊಳ್ಳಬೇಡಿ. ಅವರು ಪ್ರಾಮಾಣಿಕರೇ ಇರಬಹುದು, ಆದರೂ ಶುಲ್ಕ ಕೊಡುವವರು ಮತ್ತು ವರದಿ ಪಡೆಯುವವರು ನೀವೇ ಆಗಿರಬೇಕು. ಅದೇ ರೀತಿ, ದುರಸ್ತಿಯ ಗುತ್ತಿಗೆಯನ್ನೂ ತಾವೇ ಮಾಡುವವರಿಂದ ಉಚಿತ ತಪಾಸಣೆ ಮಾಡಿಸುವುದು ಬೇಡ.

ಎಂಜಿನಿಯರ್ ಬಂದು ಏನೇನು ನೋಡುತ್ತಾರೆ?

ನಾನು ಮೊದಲು ಒಳಗೆ ಹೋಗುವುದಿಲ್ಲ. ರಸ್ತೆಯಲ್ಲಿ ನಿಂತು ಕಟ್ಟಡ ನೆಟ್ಟಗಿದೆಯೇ, ಅಕ್ಕಪಕ್ಕದವರು ಹೊಸದಾಗಿ ಪಾಯ ತೋಡುತ್ತಿದ್ದಾರೆಯೇ, ರಸ್ತೆಯ ಮಟ್ಟ ಮನೆಯ ನೆಲಕ್ಕಿಂತ ಎತ್ತರವಾಗಿದೆಯೇ ಎಂದು ನೋಡುತ್ತೇನೆ. ಡಾಂಬರು ಪದರದ ಮೇಲೆ ಪದರ ಹಾಕಿ ಹಾಕಿ ಹಳೆಯ ಬಡಾವಣೆಗಳಲ್ಲಿ ಎಷ್ಟೋ ಮನೆಗಳು ಈಗ ರಸ್ತೆಗಿಂತ ತಗ್ಗಿನಲ್ಲಿವೆ, ಮಳೆನೀರೆಲ್ಲ ಪಾಯದ ಕಡೆಗೇ ಹರಿಯುತ್ತದೆ.

ಆಮೇಲೆ ನೇರವಾಗಿ ತಾರಸಿಗೆ. ನೀರು ಹರಿದುಹೋಗಲು ಇಳಿಜಾರು ಇದೆಯೇ, ಪ್ಯಾರಾಪೆಟ್ಟಿನ ಬುಡದಲ್ಲಿ ಗಿಡ ಬೇರು ಬಿಟ್ಟಿದೆಯೇ, ಮುಂದೆ ಮಹಡಿ ಕಟ್ಟಲೆಂದು ಬಿಟ್ಟ ಕಂಬಿಗಳು ತುಕ್ಕು ಹಿಡಿದು ನೀರನ್ನು ಕಂಬದೊಳಕ್ಕೆ ಇಳಿಸುತ್ತಿವೆಯೇ ಎಂದು ನೋಡಬೇಕು. ಟ್ಯಾಂಕುಗಳನ್ನು ಎಣಿಸಬೇಕು. 5,000 ಲೀಟರ್ ನೀರೆಂದರೆ 5 ಟನ್ ಭಾರ. ಅದು ಬೀಮಿನ ಮೇಲೆ ಕುಳಿತಿದೆಯೋ ಸ್ಲ್ಯಾಬಿನ ನಡುಮಧ್ಯದಲ್ಲಿದೆಯೋ ಎಂಬುದು ಮುಖ್ಯ. ತಾರಸಿ ತೋಟದ ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. ಜನ ಓಡಾಡುವ ತಾರಸಿಗೆ ನಮ್ಮ ಮಾನಕಗಳು ಲೆಕ್ಕ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದಡಿ ದಪ್ಪದ ಒದ್ದೆ ಮಣ್ಣು ಅದೇ ಚದರ ಮೀಟರಿನ ಮೇಲೆ 500 ಕಿಲೋಗೂ ಮೀರಿ ತೂಗುತ್ತದೆ. ಹಸಿರು ನೋಡಿ ಮೆಚ್ಚಿ ಮನೆ ಕೊಳ್ಳುವವರು ಈ ಲೆಕ್ಕವನ್ನು ಮಾಡಿಸಲೇಬೇಕು.

ಒಳಗೆ ಬಂದಾಗ ಶೌಚಾಲಯ, ಸ್ನಾನಗೃಹಗಳ ಕೆಳಗಿನ ಛಾವಣಿ, ಕಿಟಕಿ ಬಾಗಿಲುಗಳ ಮೂಲೆ, ಸಜ್ಜಾಗಳ ತಳ, ಮೆಟ್ಟಿಲಿನ ಅಡಿಭಾಗ, ಹೊರಚಾಚಿದ ಬಾಲ್ಕನಿಯ ಬುಡ ಇವುಗಳಿಗೆ ಹೆಚ್ಚು ಸಮಯ ಕೊಡಬೇಕಾಗುತ್ತದೆ. ಮಾರಾಟಕ್ಕೆ ಮುನ್ನ ಹೊಸ ಬಣ್ಣ ಹೊಡೆಯುವುದು ಸಹಜ. ಆದರೆ ಒಂದೇ ಕೋಣೆಯಲ್ಲಿ ಮಾತ್ರ ಹೊಸದಾಗಿ ಫಾಲ್ಸ್ ಸೀಲಿಂಗ್ ಹಾಕಿದ್ದರೆ, ಒಂದೇ ಗೋಡೆಗೆ ಪ್ಲಾಸ್ಟಿಕ್ ಹಲಗೆ ಹೊದಿಸಿದ್ದರೆ, ಅದರ ಹಿಂದೆ ಏನಿದೆ ಎಂದು ಒಂದು ತುಂಡು ತೆಗೆಸಿ ನೋಡುವವರೆಗೆ ನಾನು ವರದಿ ಬರೆಯುವುದಿಲ್ಲ.

ಗೋಡೆಯಲ್ಲಿ ಬಿರುಕು ಇದ್ದರೆ ಆ ಮನೆಯನ್ನು ಬಿಟ್ಟುಬಿಡಬೇಕೇ?

ಬೇಡ. ಬಿರುಕಿಲ್ಲದ ಮನೆಯೇ ಅಪರೂಪ. ಬಿರುಕು ಎಲ್ಲಿದೆ, ಯಾವ ದಿಕ್ಕಿಗಿದೆ, ಎಷ್ಟು ಅಗಲವಿದೆ, ಇನ್ನೂ ಬೆಳೆಯುತ್ತಿದೆಯೇ ಎಂಬ ನಾಲ್ಕು ಪ್ರಶ್ನೆಗಳ ಮೇಲೆ ಎಲ್ಲವೂ ನಿಂತಿದೆ.

ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಕ್ಯೂರಿಂಗ್, ಅಂದರೆ ನೀರು ಹಾಕಿ ಹದಗೊಳಿಸುವುದು, ಸರಿಯಾಗದೆ ಸಿಮೆಂಟು ಕುಗ್ಗಿದ್ದರಿಂದ ಬಂದವು, ಕಟ್ಟಡಕ್ಕೆ ಅಪಾಯವಿಲ್ಲ. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವಲ್ಲಿ ನೆಟ್ಟಗೆ ಇಳಿದ ಗೆರೆ, ಎರಡು ಬೇರೆ ಬೇರೆ ಸಾಮಗ್ರಿಗಳು ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಬರುತ್ತದೆ. ಅಲ್ಲಿ ಜಾಲರಿ ಹಾಕಿ ಗಿಲಾವು ಮಾಡದಿದ್ದುದೇ ತಪ್ಪು. ಕೊನೆಯ ಮಹಡಿಯಲ್ಲಿ ಸ್ಲ್ಯಾಬಿನ ಕೆಳಗೆ ಗೋಡೆಯ ಉದ್ದಕ್ಕೂ ಅಡ್ಡವಾಗಿ ಹೋಗುವ ಬಿರುಕೂ ಬಹುಪಾಲು ಬೇಸಿಗೆಯ ಕಾವಿನದೇ.

ಚಿಂತಿಸಬೇಕಾದವು ಬೇರೆ. ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರಿ, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಕಿರಿದಾಗುವ ಬಿರುಕು ಪಾಯದ ಒಂದು ಭಾಗ ಕುಸಿಯುತ್ತಿದೆ ಎಂದು ಹೇಳುತ್ತದೆ. ಬೀಮಿನ ತುದಿಯಲ್ಲಿ, ಕಂಬದ ಹತ್ತಿರ, ಓರೆಯಾಗಿ ಬಂದ ಬಿರುಕು ಬೀಮು ಭಾರ ತಾಳುತ್ತಿಲ್ಲ ಎಂಬುದರ ಗುರುತಾಗಿರಬಹುದು. ಕಂಬದ ಉದ್ದಕ್ಕೂ ಮೂಲೆಯಲ್ಲಿ ಲಂಬವಾಗಿ ಸೀಳಿದ್ದರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿರುತ್ತದೆ. ಕಾಂಕ್ರೀಟಿನಲ್ಲಿ ಸಾಧಾರಣವಾಗಿ 0.3 ಮಿ.ಮೀ.ವರೆಗಿನ, ಸದಾ ತೇವ ತಾಗುವಲ್ಲಿ 0.2 ಮಿ.ಮೀ.ವರೆಗಿನ ಬಿರುಕನ್ನು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಹಿಸುತ್ತದೆ. ಅದನ್ನು ಮೀರಿದರೆ ಕಾರಣ ಹುಡುಕಬೇಕು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ಬಿಡುವ ಹಳೆಯ ಉಪಾಯ ಈಗಲೂ ಉಪಯುಕ್ತ: ಗೋಡೆ ಸರಿದರೆ ಗಾಜು ಒಡೆಯುತ್ತದೆ. ಅದಕ್ಕೆ ಕೆಲವು ವಾರಗಳಾದರೂ ಬೇಕು, ಮಾರುವವರ ಸಹಕಾರವೂ ಬೇಕು.

ಛಾವಣಿಯಿಂದ ಸಿಮೆಂಟ್ ಚಕ್ಕೆ ಉದುರಿ ಕಂಬಿ ಕಾಣುತ್ತಿದೆ. ಮತ್ತೆ ಗಿಲಾವು ಮಾಡಿಸಿದರೆ ಸರಿಹೋಗುವುದೇ?

ಇಲ್ಲ. ಚಕ್ಕೆ ಉದುರುವುದು ರೋಗದ ಕೊನೆಯ ಹಂತ. ಒಳ್ಳೆಯ ಕಾಂಕ್ರೀಟ್ ಬಹಳ ಕ್ಷಾರೀಯವಾದದ್ದು, ಅದರ ಪಿಎಚ್ 12ರಿಂದ 13ರಷ್ಟಿರುತ್ತದೆ. ಆ ಕ್ಷಾರವೇ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತ ಆ ಕ್ಷಾರವನ್ನು ಕಳೆಯುತ್ತದೆ. ಇದು ಕಂಬಿಯನ್ನು ಮುಟ್ಟಿದ ಮೇಲೆ ತೇವ ಸೇರಿದರೆ ತುಕ್ಕು ಶುರು. ತುಕ್ಕು ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಕೇಳುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳಿ ಹೊರದೂಡುತ್ತದೆ. ಮೇಲೆ ಗಿಲಾವು ಬಳಿದರೆ ಒಂದೆರಡು ಮಳೆಗಾಲ ಮುಚ್ಚಿಕೊಂಡಿರುತ್ತದೆ, ಅಷ್ಟೆ. ಸರಿಯಾದ ದುರಸ್ತಿಯೆಂದರೆ ಸಡಿಲವಾದ ಕಾಂಕ್ರೀಟನ್ನು ಕಂಬಿಯ ಹಿಂದಿನವರೆಗೂ ಕೆತ್ತಿ, ತುಕ್ಕು ಉಜ್ಜಿ, ಸವೆದ ಕಂಬಿಯ ಜೊತೆ ಹೊಸದನ್ನು ಸೇರಿಸಿ, ರಕ್ಷಕ ಲೇಪ ಕೊಟ್ಟು, ಪಾಲಿಮರ್ ಗಾರೆಯಿಂದ ತುಂಬಿ, ಎಲ್ಲಕ್ಕಿಂತ ಮುಖ್ಯವಾಗಿ ನೀರಿನ ಮೂಲವನ್ನು ನಿಲ್ಲಿಸುವುದು.

ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯಲ್ಲಿ ಇದಕ್ಕೆ ಉಪ್ಪಿನ ಗಾಳಿಯೂ ಸೇರಿಕೊಳ್ಳುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಂಬಿಯನ್ನು ಮುಟ್ಟಿದರೆ ಕ್ಷಾರವಿದ್ದರೂ ತುಕ್ಕು ಹಿಡಿಯುತ್ತದೆ, ಅದೂ ಅಲ್ಲಲ್ಲಿ ಕುಳಿ ಬಿದ್ದಂತೆ, ಹೊರಗೆ ಹೆಚ್ಚು ಗುರುತು ತೋರಿಸದೆ. ಕರಾವಳಿಯ ಹವೆಗೆ ತೆರೆದುಕೊಂಡ ಕಾಂಕ್ರೀಟನ್ನು ಐಎಸ್ 456 ತೀವ್ರ ಪರಿಸರದ್ದೆಂದು ಎಣಿಸಿ, ಕನಿಷ್ಠ ಎಂ30 ದರ್ಜೆಯನ್ನೂ (ಸಂಖ್ಯೆ ಹೆಚ್ಚಿದಷ್ಟೂ ಕಾಂಕ್ರೀಟು ಬಲವಾದದ್ದು) ಕಂಬಿಯ ಮೇಲೆ 45 ಮಿ.ಮೀ. ಹೊದಿಕೆಯನ್ನೂ ಕೇಳುತ್ತದೆ. ಹಳೆಯ ಮನೆಗಳಲ್ಲಿ ಇದು ಇರುವುದು ಅಪರೂಪವಾದ್ದರಿಂದ, ಕಡಲ ಸಮೀಪದ ಮನೆಗೆ ಕ್ಲೋರೈಡ್ ಪರೀಕ್ಷೆಯನ್ನು ಬಿಡಬಾರದು.

ಯಾವ ಯಾವ ಪರೀಕ್ಷೆಗಳಿವೆ? ಎಲ್ಲವನ್ನೂ ಮಾಡಿಸಬೇಕೇ?

ಎಲ್ಲವೂ ಬೇಡ. ಕಣ್ಣಿನ ತಪಾಸಣೆಯಲ್ಲಿ ಸಂಶಯ ಬಂದ ಕಡೆ ಯಾವುದು ಬೇಕು ಎಂದು ಎಂಜಿನಿಯರ್ ಕಾರಣಸಹಿತ ಹೇಳಬೇಕು.

ರಿಬೌಂಡ್ ಹ್ಯಾಮರ್ ಎಂಬ ಸ್ಪ್ರಿಂಗ್ ಸುತ್ತಿಗೆಯಿಂದ ಕಾಂಕ್ರೀಟಿನ ಮೇಲ್ಮೈ ಎಷ್ಟು ಗಟ್ಟಿ ಎಂದು ತಿಳಿಯಬಹುದು. ಅಗ್ಗವಾಗಿರುವುದರಿಂದ ಇದೊಂದನ್ನೇ ಮಾಡಿ ಬಲ ಇಷ್ಟು ಎಂದು ಬರೆದುಕೊಡುವ ಅಭ್ಯಾಸವಿದೆ. ಅದು ಸರಿಯಲ್ಲ; ಇದರ ಅಂದಾಜು ಶೇ 25ರಷ್ಟು ಆಚೀಚೆ ಆಗಬಹುದೆಂದು ಮಾನಕವೇ ಹೇಳುತ್ತದೆ, ಮೇಲಾಗಿ ಹಳೆಯ ಕಾಂಕ್ರೀಟಿನ ಮೇಲ್ಮೈ ಇಂಗಾಲದ ಡೈಆಕ್ಸೈಡಿನಿಂದ ಗಟ್ಟಿಯಾಗಿ ಸುಳ್ಳು ಭರವಸೆ ಕೊಡುತ್ತದೆ. ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಶಬ್ದದ ಅಲೆ ಕಂಬದ ಒಂದು ಬದಿಯಿಂದ ಇನ್ನೊಂದಕ್ಕೆ ಹೋಗುವ ವೇಗವನ್ನು ಅಳೆಯುತ್ತಾರೆ. ಸೆಕೆಂಡಿಗೆ 4 ಕಿ.ಮೀ. ಮೀರಿದರೆ ಕಾಂಕ್ರೀಟು ದಟ್ಟವಾಗಿದೆ ಎನ್ನಬಹುದು, 3 ಕಿ.ಮೀ.ಗಿಂತ ಕಡಿಮೆಯಾದರೆ ಒಳಗೆ ಟೊಳ್ಳೋ ಬಿರುಕೋ ಇರುವ ಸಂಶಯ. ಕಂಬಿ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ತೋರಿಸುವ ಕವರ್ ಮೀಟರ್ ನನಗೆ ಬಹಳ ಬೇಕಾದ ಉಪಕರಣ, ಏಕೆಂದರೆ ನಕ್ಷೆಯೇ ಇಲ್ಲದ ಮನೆಯಲ್ಲಿ ಬಲದ ಲೆಕ್ಕ ಶುರುವಾಗುವುದೇ ಅದರಿಂದ. ಕಾಂಕ್ರೀಟಿನ ಹೊಸ ಒಡಕಿನ ಮೇಲೆ ಫಿನಾಲ್ಫ್ತಲಿನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗ ಬಣ್ಣ ಬದಲಿಸುವುದಿಲ್ಲ. ಕಂಬಿಯವರೆಗೂ ಗುಲಾಬಿ ಬರದಿದ್ದರೆ ಕಂಬಿಯ ರಕ್ಷಣೆ ಮುಗಿದಿದೆ ಎಂದರ್ಥ. ಇಷ್ಟು ಸರಳವಾದ, ಇಷ್ಟು ಕಡಿಮೆ ಖರ್ಚಿನ ಪರೀಕ್ಷೆಯನ್ನು ಏಕೆ ಎಲ್ಲರೂ ಮಾಡಿಸುವುದಿಲ್ಲವೋ ತಿಳಿಯದು.

ಇನ್ನೂ ಸಂಶಯ ಉಳಿದರೆ ಕೋರ್ ತೆಗೆಯುವುದು, ಅಂದರೆ ಕಾಂಕ್ರೀಟಿನಿಂದ ದುಂಡನೆಯ ತುಂಡನ್ನು ಕೊರೆದು ಪ್ರಯೋಗಾಲಯದಲ್ಲಿ ಒತ್ತಿ ನೋಡುವುದು. ಕನಿಷ್ಠ ಮೂರು ತುಂಡು ಬೇಕು. ಅವುಗಳ ಸರಾಸರಿ, ಆ ವಯಸ್ಸಿಗೆ ಆ ದರ್ಜೆಯ ಕಾಂಕ್ರೀಟಿಗೆ ಇರಬೇಕಾದ ಬಲದ ಶೇ 85ನ್ನು ಮುಟ್ಟಬೇಕು, ಒಂದೂ ಶೇ 75ಕ್ಕಿಂತ ಕೆಳಗಿಳಿಯಬಾರದು. ವಾಸದ ಮನೆಯ ಕೊಳ್ಳುವಿಕೆಯಲ್ಲಿ ಈ ಹಂತಕ್ಕೆ ಹೋಗುವ ಪ್ರಸಂಗ ಕಡಿಮೆ, ಮಾರುವವರು ಒಪ್ಪುವುದೂ ಕಡಿಮೆ. ಪರೀಕ್ಷೆಗಳನ್ನು, ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಇರುವ ಪ್ರಯೋಗಾಲಯದಿಂದಲೋ ಸಿವಿಲ್ ವಿಭಾಗದ ಉತ್ತಮ ಪ್ರಯೋಗಾಲಯವಿರುವ ಎಂಜಿನಿಯರಿಂಗ್ ಕಾಲೇಜಿನಿಂದಲೋ ಮಾಡಿಸಿ.

ನೆಲಮಹಡಿಗೆಂದು ಕಟ್ಟಿದ ಮನೆಯ ಮೇಲೆ ಎರಡು ಮೂರು ಮಹಡಿ ಏರಿಸಿದ್ದಾರೆ. ಬಾಡಿಗೆ ಚೆನ್ನಾಗಿ ಬರುತ್ತದೆ. ಕೊಳ್ಳಬಹುದೇ?

ನನ್ನನ್ನು ಹೆಚ್ಚು ಅಂಜಿಸುವುದು ಇಂಥ ಮನೆಗಳೇ. 30x40 ನಿವೇಶನದಲ್ಲಿ ಅಪ್ಪ ತಮಗಾಗಿ ನೆಲಮಹಡಿ ಕಟ್ಟಿಸಿದರು, ಹತ್ತು ವರ್ಷದ ಮೇಲೆ ಮಗ ಬಾಡಿಗೆಗೆಂದು ಮೊದಲ ಮಹಡಿ ಏರಿಸಿದ, ಆಮೇಲೆ ಎರಡನೆಯದು, ಅದರ ಮೇಲೆ ಶೀಟಿನ ಕೋಣೆ, ಅದರ ಮೇಲೆ ಟ್ಯಾಂಕು. ಪಾಯ ಮಾತ್ರ ಮೊದಲಿನದೇ. 2000ಕ್ಕಿಂತ ಮೊದಲಿನ ಮಾನಕದಲ್ಲಿ ಆರ್‌ಸಿಸಿಗೆ ಎಂ15 ದರ್ಜೆಗೂ ಅವಕಾಶವಿತ್ತು, ಸಿಮೆಂಟು, ಮರಳು, ಜಲ್ಲಿ 1:2:4 ಎಂದು ಮೇಸ್ತ್ರಿಗಳು ಹೇಳುವ ಮಿಶ್ರಣ. ಈಗ ಕನಿಷ್ಠ ಎಂ20. ಅಂದರೆ ಕೆಳಗಿನ ಕಂಬಗಳೇ ಎಲ್ಲಕ್ಕಿಂತ ದುರ್ಬಲ ಕಾಂಕ್ರೀಟಿನವು, ಹೊರುತ್ತಿರುವುದೂ ಅವೇ ಹೆಚ್ಚು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೆಟ್ರೊ ಕಾಮಗಾರಿಯ ಕಾರ್ಮಿಕರು ಬಾಡಿಗೆಗಿದ್ದ ಹಳೆಯ ಕಟ್ಟಡ ಉರುಳಿತು. ಒಳಗಿದ್ದವರು ಮೊದಲೇ ಹೊರಬಂದಿದ್ದರಿಂದ ಬದುಕಿದರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಬಿದ್ದು ಒಂಬತ್ತು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇವುಗಳ ಕಾರಣಗಳು ಬೇರೆ ಬೇರೆ ಇರಬಹುದು. ಆದರೆ ಕಾಂಕ್ರೀಟ್ ಕಟ್ಟಡ ಬೀಳುವುದಿಲ್ಲ ಎಂಬ ನಮ್ಮ ಜನರ ನಂಬಿಕೆಗೆ ಆಧಾರವಿಲ್ಲ.

ಮಹಡಿ ಏರಿಸಿದ ಮನೆಯನ್ನು ಕೊಳ್ಳುವುದಾದರೆ, ಪಾಯದ ಪಕ್ಕ ಒಂದೆರಡು ಕಡೆ ಗುಂಡಿ ತೋಡಿಸಿ ಫುಟಿಂಗಿನ, ಅಂದರೆ ಕಂಬದ ಬುಡದ ಕಾಂಕ್ರೀಟ್ ಪಾದದ, ಅಗಲ ಮತ್ತು ಆಳ ನೋಡಬೇಕು, ಕಂಬಗಳ ಕಂಬಿಯನ್ನು ಕವರ್ ಮೀಟರಿನಿಂದ ಎಣಿಸಬೇಕು, ಆಮೇಲೆ ಲೆಕ್ಕ ಮಾಡಿಸಬೇಕು. ಮಂಜೂರಾದ ನಕ್ಷೆಯಲ್ಲಿ ಎಷ್ಟು ಮಹಡಿ, ನಿಂತಿರುವುದೆಷ್ಟು ಎಂದೂ ಹೋಲಿಸಿ. ಗುಂಡಿ ತೋಡಲು ಬಿಡದಿದ್ದರೆ ನಾನು ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಮಣ್ಣಿನ ಬಗ್ಗೆ ತಿಳಿಯುವುದು ಹೇಗೆ?

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಸಾಕಷ್ಟು ಆಳಕ್ಕೆ ಹೋಗದ ಪಾಯ ಅದರೊಡನೆ ಏರಿಳಿಯುತ್ತದೆ, ಬಾಗಿಲುಗಳು ಒಂದು ಕಾಲಕ್ಕೆ ಹಾಕಿಕೊಳ್ಳುತ್ತವೆ, ಇನ್ನೊಂದು ಕಾಲಕ್ಕೆ ಹಾಕಿಕೊಳ್ಳುವುದಿಲ್ಲ. ಬೆಂಗಳೂರಿನದು ಬೇರೆ ಕಥೆ. ಅಲ್ಲಿನ ಕೆಂಪುಮಣ್ಣು ಸಾಮಾನ್ಯವಾಗಿ ಗಟ್ಟಿ, ಆದರೆ ಊರಿನ ಎಷ್ಟೋ ಭಾಗ ಹಳೆಯ ಕೆರೆಗಳ ಅಂಗಳದಲ್ಲಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ತುಂಬಿಸಿದ ಮಣ್ಣಿನ ಮೇಲೆ ಸಣ್ಣ ಪಾಯ ಹಾಕಿದ ಮನೆ ವರ್ಷಗಟ್ಟಲೆ ಕುಸಿಯುತ್ತಲೇ ಇರಬಹುದು. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಕೆರೆ, ರಾಜಕಾಲುವೆ ಎಲ್ಲಿದ್ದವು ಎಂದು ನೋಡಿ, ಅಲ್ಲಿಯೇ ಬಹುಕಾಲದಿಂದ ಇರುವ ಹಿರಿಯರನ್ನು ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂದು ಕೇಳಿ. ಕೊಡಗು ಮತ್ತು ಮಲೆನಾಡಿನಲ್ಲಿ ಗುಡ್ಡ ಕಡಿದು ಕಟ್ಟಿದ ಮನೆಯಾದರೆ ಮನೆಗಿಂತ ಹಿಂದಿನ ದರೆಯನ್ನೇ ಮೊದಲು ಪರೀಕ್ಷಿಸಬೇಕು.

ಬಸವನಗುಡಿ, ಮಲ್ಲೇಶ್ವರಗಳಂಥ ಕಡೆ ಹಳೆಯ ಮದ್ರಾಸ್ ತಾರಸಿ ಮನೆ ಸಿಕ್ಕರೆ?

ಅಂಥ ಮನೆಗಳ ಮೇಲೆ ನನಗೆ ಪ್ರೀತಿಯಿದೆ, ಅವು ದುರ್ಬಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಓರೆಯಾಗಿ ಜೋಡಿಸಿ ಮೇಲೆ ಸುಣ್ಣದ ಕಾಂಕ್ರೀಟು ಬಡಿದು ಮಾಡಿದ ಆ ತಾರಸಿಗಳಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ತೊಲೆಯ ತುದಿ, ಅಂದರೆ ಗೋಡೆಯೊಳಗೆ ಹುದುಗಿದ ಭಾಗ. ಅಲ್ಲಿ ತೇವವೂ ಗೆದ್ದಲೂ ಸೇರುತ್ತವೆ. ಪ್ರತಿಯೊಂದು ತೊಲೆಯ ತುದಿಯನ್ನೂ ಚೂಪಾದ ಸಲಾಕೆಯಿಂದ ಚುಚ್ಚಿ ನೋಡಬೇಕು. ಸುಣ್ಣದ ಗೋಡೆಯ ಮೇಲೆ ಇತ್ತೀಚೆಗೆ ಸಿಮೆಂಟ್ ಗಿಲಾವು ಹಾಕಿದ್ದರೆ ಒಳಗಿನ ತೇವ ಹೊರಬರಲಾಗದೆ ಗೋಡೆ ಉಪ್ಪು ಬಿಟ್ಟು ಪುಡಿಯಾಗುತ್ತಿರಬಹುದು. ಕಾಂಕ್ರೀಟ್ ಮನೆಗಳನ್ನಷ್ಟೇ ನೋಡಿದ ಎಂಜಿನಿಯರ್ ಇಂಥ ಮನೆಗೆ ಕೆಡವಿ ಎಂದೇ ಬರೆಯುವ ಸಂಭವವಿರುವುದರಿಂದ, ಸುಣ್ಣ ಮತ್ತು ಮರದ ಕೆಲಸ ಬಲ್ಲವರನ್ನು ಹುಡುಕಿ. ಕರಾವಳಿಯ ಮುರಕಲ್ಲಿನ ಮನೆಗೂ ಇದೇ ಮಾತು ಸಲ್ಲುತ್ತದೆ.

ಖರ್ಚು ಎಷ್ಟಾಗುತ್ತದೆ?

ಕಟ್ಟಡದ ಅಳತೆ, ಊರು, ಪರೀಕ್ಷೆಗಳ ಸಂಖ್ಯೆ ಇವುಗಳ ಮೇಲೆ ಬದಲಾಗುತ್ತದೆ. ಭೇಟಿ ಮತ್ತು ವರದಿಯ ಶುಲ್ಕ, ಪ್ರತಿ ಪರೀಕ್ಷೆಯ ಶುಲ್ಕ ಇವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಹೋಲಿಕೆಗೆ ಒಂದು ಲೆಕ್ಕ: 80 ಲಕ್ಷ ರೂಪಾಯಿಯ ಮನೆಗೆ ಶೇ 5ರ ಮುದ್ರಾಂಕ ಶುಲ್ಕ 4 ಲಕ್ಷ, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ 1.6 ಲಕ್ಷ, ಸೆಸ್ಸು ಬೇರೆ. ತಪಾಸಣೆಯ ಖರ್ಚು ಇದರ ಸಣ್ಣ ಪಾಲು. ಮಾರುವವರು ಒಪ್ಪುವಂತಿದ್ದರೂ ಅರ್ಧ ಖರ್ಚು ಕೊಡಿ ಎಂದು ಅವರನ್ನು ಕೇಳಬೇಡಿ. ಪೂರ್ತಿ ನೀವೇ ಕೊಟ್ಟರೆ ವರದಿ ನಿಸ್ಸಂದೇಹವಾಗಿ ನಿಮ್ಮದಾಗಿರುತ್ತದೆ.

ವರದಿ ಕೈಗೆ ಬಂದ ಮೇಲೆ ಏನು ಮಾಡಬೇಕು?

ಮೊದಲು ವರದಿ ಸರಿಯಾಗಿದೆಯೇ ನೋಡಿ. ದೋಷ ಎಲ್ಲಿದೆ ಎಂದು ನಕ್ಷೆಯ ಮೇಲೆ ಗುರುತು, ಫೋಟೊ, ಕಾರಣ, ಎಷ್ಟು ತುರ್ತು ಎಂಬ ಮಾತು, ದುರಸ್ತಿಯ ವಿಧಾನ, ಅಂದಾಜು ವೆಚ್ಚ, ಮತ್ತು ಯಾವ ಭಾಗವನ್ನು ನೋಡಲು ಆಗಲಿಲ್ಲ ಎಂಬ ಪ್ರಾಮಾಣಿಕ ಹೇಳಿಕೆ ಅದರಲ್ಲಿರಬೇಕು. ಕಟ್ಟಡ ಸುಸ್ಥಿತಿಯಲ್ಲಿದೆ ಎಂಬ ಒಂದು ಪುಟದ ಪ್ರಮಾಣಪತ್ರವನ್ನು ವರದಿ ಎಂದು ಒಪ್ಪಿಕೊಳ್ಳಬೇಡಿ.

ಆಮೇಲೆ ದುರಸ್ತಿಯ ವೆಚ್ಚವನ್ನು ಇಟ್ಟುಕೊಂಡು ಬೆಲೆಯ ಮಾತಾಡಬಹುದು. ಮಾರುವವರೇ ದುರಸ್ತಿ ಮಾಡಿಸಿಕೊಡುತ್ತೇವೆ ಎಂದರೆ ನಾನು ಸಾಮಾನ್ಯವಾಗಿ ಬೇಡ ಎನ್ನುತ್ತೇನೆ. ಮನೆ ಬಿಟ್ಟುಹೋಗುವವರು ಬಣ್ಣ ಬಳಿದು ದೋಷ ಮುಚ್ಚುವಷ್ಟೇ ಕೆಲಸ ಮಾಡಿಸುವ ಸಾಧ್ಯತೆ ಹೆಚ್ಚು. ಅಷ್ಟು ಹಣವನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ ನೀವೇ ಮಾಡಿಸುವುದು ಮೇಲು. ಪಾಯ ಕುಸಿಯುತ್ತಿದ್ದರೆ, ಕೆಳಗಿನ ಕಂಬಗಳಲ್ಲಿ ತುಕ್ಕು ಆಳಕ್ಕಿಳಿದಿದ್ದರೆ, ಇಲ್ಲವೇ ಲೆಕ್ಕದಲ್ಲಿ ಕಂಬಗಳು ಈಗಿನ ಮಹಡಿಗಳನ್ನು ಹೊರುವುದಿಲ್ಲವೆಂದು ಕಂಡರೆ, ರಿಯಾಯಿತಿ ಎಷ್ಟೇ ದೊಡ್ಡದಿರಲಿ ಕಟ್ಟಡದ ಬೆಲೆಯನ್ನು ಸೊನ್ನೆ ಎಂದು ಹಿಡಿದು ನಿವೇಶನದ ಬೆಲೆಯನ್ನಷ್ಟೇ ಮಾತಾಡಿ, ಅಥವಾ ಕೈಬಿಡಿ.

ಮಾರುವವರು ತಪಾಸಣೆಗೆ ಒಪ್ಪದಿದ್ದರೆ?

ಕೆಲವರಿಗೆ ಇದು ಅವಮಾನವೆನಿಸುತ್ತದೆ, ಅಪ್ಪ ಮುಂದೆ ನಿಂತು ಕಟ್ಟಿಸಿದ ಮನೆ ಎನ್ನುತ್ತಾರೆ. ಅಂಥವರೊಡನೆ ಮೃದುವಾಗಿ ಮಾತಾಡಿ, ಮೊದಲ ಭೇಟಿಯಲ್ಲಿ ಎಲ್ಲೂ ಒಡೆಯುವುದಿಲ್ಲ, ಕಣ್ಣಿನಿಂದ ನೋಡುವುದು ಮತ್ತು ಗುರುತು ಬಿಡದ ಪರೀಕ್ಷೆ ಮಾತ್ರ ಎಂದು ಹೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. ಮುಂದೆ ಎಲ್ಲಾದರೂ ಕೊರೆಯಬೇಕಾಗಿ ಬಂದರೆ ಆ ಜಾಗವನ್ನು ನಿಮ್ಮ ಖರ್ಚಿನಲ್ಲಿ ಮುಚ್ಚಿಸಿಕೊಡುವುದಾಗಿ ಬರೆದುಕೊಡಿ. ಇಷ್ಟಾದರೂ ಒಪ್ಪದಿದ್ದರೆ ಬೇರೆ ಮನೆ ನೋಡಿ.

ಎಂಜಿನಿಯರನ್ನು ಕರೆಯುವ ಮೊದಲು ನಾವೇ ನೋಡಬಹುದಾದದ್ದು ಏನಾದರೂ ಇದೆಯೇ?

ಇದೆ. ಜೋರು ಮಳೆ ಬಂದ ಮರುದಿನ ಹೇಳದೆ ಒಮ್ಮೆ ಹೋಗಿ ಬನ್ನಿ. ಎಲ್ಲ ಬಾಗಿಲು ಕಿಟಕಿಗಳನ್ನೂ ತೆರೆದು ಹಾಕಿ ನೋಡಿ. ನೆಲದ ಮೇಲೆ ಗೋಲಿ ಇಟ್ಟು ಅದು ತಾನಾಗಿ ಒಂದೇ ಕಡೆಗೆ ಉರುಳುತ್ತದೆಯೇ ಗಮನಿಸಿ. ಬೀರುಗಳ ಹಿಂದೆ, ಸಿಂಕಿನ ಕೆಳಗೆ, ಮೆಟ್ಟಿಲಿನ ಅಡಿ ಟಾರ್ಚ್ ಹಿಡಿದು ನೋಡಿ. ಸಂಪಿನ ಮುಚ್ಚಳ ತೆಗೆಸಿ, ಸಂಜೆ ನೀರಿನ ಮಟ್ಟಕ್ಕೆ ಗುರುತು ಮಾಡಿ, ಮೋಟಾರು ಹಾಕದೆ, ನಲ್ಲಿ ನೀರನ್ನೂ ಒಳಗೆ ಬಿಡದೆ ಬೆಳಿಗ್ಗೆ ಮತ್ತೆ ನೋಡಲು ಕೇಳಿ. ಇಳಿದಿದ್ದರೆ ಆ ನೀರು ಪಾಯದಡಿಗೇ ಹೋಗುತ್ತಿದೆ. ಕಂಡದ್ದನ್ನೆಲ್ಲ ಫೋಟೊ ತೆಗೆದು ದಿನಾಂಕದೊಡನೆ ಇಟ್ಟುಕೊಂಡು, ಎಂಜಿನಿಯರ್ ಬಂದಾಗ ಅವರ ಕೈಗೆ ಕೊಡಿ.